ಹೊಳೆಯ ಬೆಳಕು, ಕಡಲ ಬೆಳಕು
ಗಾಜಿನ ತೊಟ್ಟಿ, ಎಲ್.ಇ.ಡಿ. ದೀಪ ಮತ್ತು ಛಾಯಾಚಿತ್ರ

ಭೂಪಟವನ್ನು ಬಿಡಿಸಿ ನಂಜನಗೂಡಿನ ಮೇಲೆ ಬೆರಳನ್ನಿಟ್ಟು, ಅಲ್ಲಿಂದ ನೇರವಾಗಿ ಪಶ್ಚಿಮ ದಿಕ್ಕಿಗೆ ಎಳೆಯೋಣ. ಬೆರಳು ಘಟ್ಟವನ್ನು ದಾಟಿ, ಮಲಬಾರಿನ ಕರಾವಳಿಯನ್ನು ದಾಟಿ, ಅರಬ್ಬೀ ಸಮುದ್ರದ ನಡುವೆ ಲಕ್ಷದ್ವೀಪ ಸಮೂಹದ ಉತ್ತರದ ತುದಿಯನ್ನು ಮುಟ್ಟುತ್ತದೆ. ಅಲ್ಲಿರುವುದು ಹವಳದ ದಿಬ್ಬಗಳು. ನಂಜನಗೂಡು, ತಿರುಮಕೂಡಲು ನರಸೀಪುರ ಮತ್ತು ಆ ದಿಬ್ಬಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 12 ಡಿಗ್ರಿ. ವರ್ಷದಲ್ಲಿ ಎರಡು ಸಲ, ಏಪ್ರಿಲ್ ತಿಂಗಳ ನಾಲ್ಕನೆಯ ವಾರದ ಸುಮಾರಿಗೂ ಆಗಸ್ಟ್ ತಿಂಗಳ ಮೂರನೆಯ ವಾರದ ಸುಮಾರಿಗೂ, ನಡುಹಗಲಿನ ಸೂರ್ಯನು ಈ ಎಲ್ಲ ಸ್ಥಳಗಳ ನೆತ್ತಿಯ ಮೇಲೆಯೇ ಬಂದು ನಿಲ್ಲುತ್ತಾನೆ. ಕಪಿಲೆಯ ಸೋಪಾನದ ಮೇಲೆ ಬೀಳುವ ಬಿಸಿಲಿಗೂ ಹವಳದ ದಿಬ್ಬದ ಮೇಲಣ ಅಲೆಗಳ ಮೇಲೆ ಬೀಳುವ ಬಿಸಿಲಿಗೂ ಭೇದವಿಲ್ಲ.

ಭೇದವಿರುವುದು ನೀರಿನಲ್ಲಿ. ಒಂದೇ ಬೆಳಕು ಎರಡು ಬಗೆಯ ನೀರನ್ನು ಹೊಕ್ಕು ಎರಡು ಬೇರೆ ಬೇರೆ ಲೋಕಗಳನ್ನು ಉಂಟುಮಾಡುತ್ತದೆ. ಈಚಿನ ವರ್ಷಗಳಲ್ಲಿ ನಮ್ಮ ಪಟ್ಟಣಗಳ ಮನೆಗಳಲ್ಲಿಯೂ ಅಂಗಡಿಗಳಲ್ಲಿಯೂ ಮೀನಿನ ತೊಟ್ಟಿಗಳು ಹೆಚ್ಚಾಗಿವೆ. ಅವುಗಳ ಮೇಲೆ ನೀಲಿ, ನೇರಿಳೆ, ಬಿಳಿಯ ಬಣ್ಣಗಳ ಎಲ್.ಇ.ಡಿ. ದೀಪಗಳು ಬೆಳಗುತ್ತವೆ, ಕೈಯಲ್ಲಿರುವ ದೂರವಾಣಿಯೇ ಕ್ಯಾಮರವೂ ಆಗಿರುವುದರಿಂದ ಅವುಗಳ ಚಿತ್ರಗಳನ್ನು ತೆಗೆಯದವರೇ ವಿರಳ. ಆದರೆ ಆ ದೀಪ ನೀಲಿಯೇಕೆ? ಚಿತ್ರದಲ್ಲಿ ಬರುವ ಬಣ್ಣ ನಿಜವೇ? ಹೊಳೆಯ ಮೀನಿಗೂ ಕಡಲ ಹವಳಕ್ಕೂ ಒಂದೇ ದೀಪ ಸಲ್ಲುವುದೇ? ಈ ಪ್ರಶ್ನೆಗಳನ್ನು ವಿಚಾರಿಸುವುದು ನಮ್ಮ ಉದ್ದೇಶ.

ನೀರು ಬೆಳಕನ್ನು ಸೋಸುವ ಬಗೆ

ನೀರಿಗೆ ಬಣ್ಣವಿಲ್ಲವೆಂದು ನಾವು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಒಂದು ಲೋಟದ ನೀರಿನ ಮಟ್ಟಿಗೆ ಈ ಮಾತು ಸರಿ. ಹತ್ತು ಮೀಟರು ಆಳದ ನೀರಿಗೆ ಸಲ್ಲದು. ಬಿಳಿಯ ಬೆಳಕು ಏಳು ಬಣ್ಣಗಳ ಮಿಶ್ರಣವಷ್ಟೆ. ಶುದ್ಧವಾದ ನೀರು ಈ ಬಣ್ಣಗಳಲ್ಲಿ ಕೆಂಪನ್ನು ಬೇಗ ಹೀರುತ್ತದೆ, ನೀಲಿಯನ್ನು ಬಹು ನಿಧಾನವಾಗಿ ಹೀರುತ್ತದೆ. ಪ್ರಯೋಗಶಾಲೆಯ ಅಳತೆಗಳಿಂದ ಲೆಕ್ಕ ಹಾಕಿದರೆ, 10 ಮೀಟರು ಶುದ್ಧ ನೀರನ್ನು ದಾಟಿದ ಮೇಲೆ ನೂರರಲ್ಲಿ ಎಷ್ಟು ಪಾಲು ಬೆಳಕು ಉಳಿಯುತ್ತದೆಯೆಂಬುದು ಹೀಗಿದೆ: 450 ನ್ಯಾನೊಮೀಟರು ಅಲೆಯುದ್ದದ ನೀಲಿ ಸುಮಾರು 91, 550 ನ್ಯಾನೊಮೀಟರಿನ ಹಸಿರು ಸುಮಾರು 57, 600ರ ಕಿತ್ತಳೆ ಸುಮಾರು 11, 650ರ ಕೆಂಪು ಕೇವಲ 3. ಕಡಲ ತಳದಲ್ಲಿ ಕೆಂಪು ಮೀನು ಕಪ್ಪಾಗಿ ಕಾಣುವುದು ಇದರಿಂದಲೇ. ಕೆಂಪು ಬಣ್ಣದ ವಸ್ತುವೆಂದರೆ ಕೆಂಪು ಬೆಳಕನ್ನು ಹಿಂದಿರುಗಿಸುವ ವಸ್ತು. ಬೀಳುವ ಬೆಳಕಿನಲ್ಲಿಯೇ ಕೆಂಪಿಲ್ಲದಿದ್ದರೆ ಅದು ಹಿಂದಿರುಗಿಸುವುದಾದರೂ ಏನನ್ನು?

ಇಲ್ಲಿ ಇನ್ನೊಂದು ಲೆಕ್ಕವನ್ನು ಮಾಡಿ ನೋಡಬೇಕು. ಮನೆಯ ತೊಟ್ಟಿಯ ಆಳ ಹತ್ತು ಮೀಟರಲ್ಲ. ಹೆಚ್ಚೆಂದರೆ 60 ಸೆಂಟಿಮೀಟರು. ಅಷ್ಟು ನೀರಿನಲ್ಲಿ 650 ನ್ಯಾನೊಮೀಟರಿನ ಕೆಂಪು ಬೆಳಕು ನೂರಕ್ಕೆ 82ರಷ್ಟು ಉಳಿದುಬಿಡುತ್ತದೆ. ಎಂದಮೇಲೆ ತೊಟ್ಟಿಯ ನೀರು ತಾನಾಗಿ ಕಡಲಿನ ನೀಲಿಯನ್ನು ಕೊಡಲಾರದು. ಆಳದ ಕಡಲಿನ ಬೆಳಕು ಬೇಕಾದರೆ ಅದನ್ನು ದೀಪದಲ್ಲಿಯೇ ಸಿದ್ಧಪಡಿಸಿ ಕೊಡಬೇಕು. ಹವಳದ ತೊಟ್ಟಿಯ ಮೇಲಿನ ದೀಪ ನೀಲಿಯಾಗಿರುವುದಕ್ಕೆ ಇದು ಮೊದಲನೆಯ ಕಾರಣ.

ಹೊಳೆಯ ನೀರಿನ ಸ್ವಭಾವ ಇದಕ್ಕೆ ವಿರುದ್ಧ. ಕೊಳೆತ ಎಲೆ, ಬೇರು, ಮಣ್ಣುಗಳಿಂದ ಬಂದು ಕರಗಿದ ಹಳದಿ ಪದಾರ್ಥಗಳು ಮೊದಲು ಹೀರುವುದು ನೀಲಿಯನ್ನು. ಜೊತೆಗೆ ಮಳೆಗಾಲದ ಕೆಂಪು ಮಣ್ಣಿನ ಕಣಗಳು ಬೆಳಕನ್ನು ಚೆದರಿಸುತ್ತವೆ. ಆದ್ದರಿಂದ ಹೊಳೆಯೊಳಗೆ ಹೆಚ್ಚು ಆಳಕ್ಕಿಳಿಯುವುದು ಹಸಿರು ಮತ್ತು ಹಳದಿಯ ಬೆಳಕು. ಕಪಿಲೆಯ ಮೀನಿನ ಲೋಕ ಹಳದಿ ಬೆರೆತ ಹಸಿರು; ಹವಳದ ಮೀನಿನ ಲೋಕ ನೀಲಿ. ಕಡಲ ತೊಟ್ಟಿಗಾಗಿ ಮಾಡಿದ ದೀಪವನ್ನು ತಂದು ಹೊಳೆಯ ಮೀನಿನ ಮೇಲೆ ಹಿಡಿಯುವುದು, ಹಗಲಿನಲ್ಲಿ ಬಾಳುವ ಜೀವಿಗೆ ಬೆಳದಿಂಗಳನ್ನು ಬಡಿಸಿದಂತೆ.

ರಾಮನ್ ಅವರು ನೋಡಿದ ಕಡಲು

ಸಮುದ್ರ ನೀಲಿಯಾಗಿರುವುದು ಆಕಾಶದ ಪ್ರತಿಬಿಂಬದಿಂದ ಎಂದು ಒಂದು ಕಾಲದಲ್ಲಿ ದೊಡ್ಡ ವಿಜ್ಞಾನಿಗಳೂ ನಂಬಿದ್ದರು. 1921ರಲ್ಲಿ ಸಿ. ವಿ. ರಾಮನ್ ಅವರು ಯೂರೋಪಿಗೆ ಹೋಗಿ ಹಡಗಿನಲ್ಲಿ ಹಿಂದಿರುಗುವಾಗ ಈ ಮಾತನ್ನು ಪರೀಕ್ಷಿಸಿದರು. ಅವರ ಬಳಿ ಇದ್ದ ಮುಖ್ಯ ಉಪಕರಣ ಒಂದು ನಿಕಲ್ ಪಟ್ಟಕ. ನೀರಿನ ಮೇಲ್ಮೈಯಿಂದ ಒಂದು ಗೊತ್ತಾದ ಕೋನದಲ್ಲಿ ಪ್ರತಿಫಲಿಸಿದ ಬೆಳಕು ಒಂದೇ ತಲದಲ್ಲಿ ಕಂಪಿಸುತ್ತದೆ, ಇದನ್ನು ಧ್ರುವೀಕರಣವೆನ್ನುತ್ತಾರೆ. ಪಟ್ಟಕವನ್ನು ತಕ್ಕಂತೆ ತಿರುಗಿಸಿದರೆ ಆ ಬೆಳಕು ಕಣ್ಣಿಗೆ ಬಾರದಂತೆ ತಡೆಯಬಹುದು. ರಾಮನ್ ಅವರು ಹೀಗೆ ಆಕಾಶದ ಪ್ರತಿಬಿಂಬವನ್ನು ಅಳಿಸಿ ನೋಡಿದರು. ಕಡಲಿನ ನೀಲಿ ಅಳಿಯಲಿಲ್ಲ. ಇನ್ನೂ ಗಾಢವಾಗಿ ಕಂಡಿತು. ನೀರಿನ ಅಣುಗಳೇ ಬೆಳಕನ್ನು ಚೆದರಿಸುತ್ತವೆಂದು ಅವರು ತೋರಿಸಿದರು. ಆ ವಿಚಾರದ ಎಳೆಯನ್ನೇ ಹಿಡಿದು ಹೋಗಿ 1928ರಲ್ಲಿ ಅವರ ಹೆಸರಿನ ಪರಿಣಾಮವನ್ನು ಕಂಡುಹಿಡಿದರು. 1930ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. 1933ರಿಂದ ಅವರ ಕರ್ಮಭೂಮಿ ಬೆಂಗಳೂರಾಯಿತು.

ಇಂದು ಛಾಯಾಗ್ರಾಹಕರು ಮಸೂರದ ಮುಂದೆ ತಿರುಗಿಸುವ ಧ್ರುವೀಕರಣದ ಶೋಧಕ ಆ ನಿಕಲ್ ಪಟ್ಟಕದ ಕೆಲಸವನ್ನೇ ಮಾಡುತ್ತದೆ.

ಹವಳಕ್ಕೆ ಬೆಳಕೇತಕ್ಕೆ?

ಹವಳ ಕಲ್ಲಲ್ಲ, ಗಿಡವೂ ಅಲ್ಲ, ಅದೊಂದು ಪ್ರಾಣಿ. ಒಂದೊಂದು ಹವಳದ ಜೀವಿಯೂ ಬಾಯಿಯ ಸುತ್ತ ಬಳ್ಳಿಯಂತಹ ಕರಬಳ್ಳಿಗಳಿರುವ ಸಣ್ಣ ಚೀಲ. ಗಟ್ಟಿ ಹವಳಗಳು ನೀರಿನಲ್ಲಿರುವ ಸುಣ್ಣವನ್ನು ಹಿಡಿದು ತಮ್ಮ ಕೆಳಗೆ ಗೂಡು ಕಟ್ಟುತ್ತವೆ. ಸಾವಿರಾರು ವರ್ಷ ಹೀಗೆ ಕಟ್ಟಿದ ಗೂಡುಗಳೇ ದಿಬ್ಬಗಳು, ದ್ವೀಪಗಳು.

ಹೀಗೆ ಕಟ್ಟುವುದಕ್ಕೆ ಬೇಕಾದ ಶಕ್ತಿಯ ಬಹುಪಾಲು ಬರುವುದು ಹವಳದ ಜೀವಕೋಶಗಳೊಳಗೇ ಬಾಳುವ ಏಕಕೋಶದ ಪಾಚಿಗಳಿಂದ. ಪಾಚಿ ಬೆಳಕಿನಿಂದ ಸಕ್ಕರೆಯನ್ನು ತಯಾರಿಸಿ ಹವಳಕ್ಕೆ ಕೊಡುತ್ತದೆ. ಹವಳವು ಪಾಚಿಗೆ ಆಸರೆಯನ್ನೂ, ತನ್ನ ತ್ಯಾಜ್ಯದಲ್ಲಿರುವ ಸಾರವನ್ನೂ ಕೊಡುತ್ತದೆ. ಈ ಪಾಚಿಯ ವರ್ಣದ್ರವ್ಯಗಳು ಹಿಡಿಯುವ ಬೆಳಕಿನಲ್ಲಿ ದೊಡ್ಡ ಪಾಲು 400ರಿಂದ 550 ನ್ಯಾನೊಮೀಟರುಗಳ ನಡುವಿನದು, ಎಂದರೆ ನೇರಿಳೆ, ನೀಲಿ ಮತ್ತು ನೀಲಿಹಸಿರು. ದೀಪ ನೀಲಿಯಾಗಿರುವುದಕ್ಕೆ ಇದು ಎರಡನೆಯ ಕಾರಣ.

ಬೆಳಕು ಹೆಚ್ಚಾದರೂ ಕಷ್ಟವೇ. ನೀರಿನ ಉಷ್ಣತೆ ಮಿತಿಮೀರಿ, ಮೇಲೆ ಬಿಸಿಲು ಪ್ರಖರವಾಗಿದ್ದಾಗ, ಪಾಚಿಯು ಹಿಡಿದ ಬೆಳಕನ್ನು ಬಳಸಲಾರದೆ ಆಮ್ಲಜನಕದ ವಿಷಕಾರಿ ರೂಪಗಳನ್ನು ಉತ್ಪತ್ತಿಮಾಡುತ್ತದೆ. ಆಗ ಹವಳವು ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗಿ ಬಿಳಿಯ ಸುಣ್ಣದ ಗೂಡು ಮಾತ್ರ ಕಾಣುತ್ತದೆ. ಇದೇ ಹವಳದ ಬಿಳಿಚುವಿಕೆ. ಪಾಚಿ ಬೇಗ ಮರಳಿ ಬಾರದಿದ್ದರೆ ಹವಳ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದ ದಿಬ್ಬಗಳು 1998, 2010 ಮತ್ತು 2016ರಲ್ಲಿ ಹೀಗೆ ಬಿಳಿಚಿದವು. 2024ರ ಬೇಸಗೆಯಲ್ಲಿ ಮತ್ತೆ ಬಿಳಿಚಿದವು. ತೊಟ್ಟಿಯಲ್ಲಿಯೂ ಪ್ರಬಲವಾದ ಹೊಸ ದೀಪವನ್ನು ಒಮ್ಮೆಗೇ ಪೂರ್ಣವಾಗಿ ಬೆಳಗಿಸಿದರೆ ಇದೇ ಸಂಭವಿಸುತ್ತದೆ.

ನೀಲಿ ದೀಪದ ಕತೆ

ಎಲ್.ಇ.ಡಿ. ಎಂದರೆ ಬೆಳಕು ಸೂಸುವ ಡಯೋಡು. ಅದರಲ್ಲಿ ಕಾದು ಕೆಂಪಾಗುವ ತಂತಿಯಿಲ್ಲ. ಎರಡು ಬಗೆಯ ಅರೆವಾಹಕ ಪದರಗಳು ಕೂಡಿದ ಜಾಗದಲ್ಲಿ ವಿದ್ಯುತ್ತು ಹರಿದಾಗ, ಒಂದು ಕಡೆಯಿಂದ ಬಂದ ಎಲೆಕ್ಟ್ರಾನು ಇನ್ನೊಂದು ಕಡೆಯ ಖಾಲಿ ಸ್ಥಾನಕ್ಕೆ ಬೀಳುತ್ತದೆ. ಬೀಳುವಾಗ ಕಳೆದುಕೊಂಡ ಶಕ್ತಿ ಬೆಳಕಾಗಿ ಹೊರಬರುತ್ತದೆ. ಬೀಳುವ ಎತ್ತರ ಹೆಚ್ಚಿದಷ್ಟೂ ಬೆಳಕು ನೀಲಿಯ ಕಡೆಗೆ ಸರಿಯುತ್ತದೆ. 650 ನ್ಯಾನೊಮೀಟರಿನ ಕೆಂಪಿಗೆ 1.9 ಎಲೆಕ್ಟ್ರಾನ್ ವೋಲ್ಟು ಸಾಕು. 450ರ ನೀಲಿಗೆ ಸುಮಾರು 2.8 ಬೇಕು. ಕಣ್ಣಿಗೆ ಕಾಣುವ ಕೆಂಪು ಎಲ್.ಇ.ಡಿ.ಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲಿಯೇ ತೋರಿಸಿದರು. ನೀಲಿಗೆ ತಕ್ಕ ಗ್ಯಾಲಿಯಂ ನೈಟ್ರೈಡಿನ ಒಳ್ಳೆಯ ಹರಳನ್ನು ಬೆಳೆಸುವುದು ಬಹುಕಾಲ ಸಾಧ್ಯವಾಗಲಿಲ್ಲ. ಜಪಾನಿನ ಅಕಸಾಕಿ, ಅಮಾನೊ ಮತ್ತು ನಕಾಮುರ ಎಂಬ ಮೂವರ ದುಡಿಮೆಯಿಂದ ಆ ತೊಡಕು ಬಿಡಿಸಿಕೊಂಡು, 1993ರಲ್ಲಿ ಪ್ರಕಾಶಮಾನವಾದ ನೀಲಿ ಎಲ್.ಇ.ಡಿ. ಹೊರಬಂದಿತು. 2014ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಈ ಮೂವರಿಗೆ ಸಂದಿತು.

ಇಂದಿನ ಬಿಳಿಯ ಎಲ್.ಇ.ಡಿ.ಗಳಲ್ಲಿ ಬಹುಪಾಲು ನಿಜವಾಗಿ ನೀಲಿಯವೇ. ನೀಲಿ ಹರಳಿನ ಮೇಲೆ ಹಳದಿ ಬೆಳಕನ್ನು ಸೂಸುವ ಲೇಪವನ್ನು ಬಳಿದಿರುತ್ತಾರೆ. ನೀಲಿಯೂ ಹಳದಿಯೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಸೂರ್ಯನ ರೋಹಿತದಂತೆ ಇದು ಅಖಂಡವಾದುದಲ್ಲ: 450ರ ಬಳಿ ಒಂದು ಶಿಖರ, 480ರ ಬಳಿ ತಗ್ಗು, ಬಳಿಕ ಹಳದಿಯ ಗುಡ್ಡ. ಅಗ್ಗದ ದೀಪಗಳಲ್ಲಿ ಗಾಢ ಕೆಂಪು ಬಹಳ ಕಡಿಮೆ.

ಕಪಿಲೆಯು ನಂಜನಗೂಡನ್ನು ಹಾದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದಷ್ಟೆ. ಕೂಡಿದ ನೀರು ತಲಕಾಡನ್ನು ದಾಟಿ ಶಿವನಸಮುದ್ರದಲ್ಲಿ ಧುಮುಕುತ್ತದೆ. ಅಲ್ಲಿ 1902ರಲ್ಲಿ ಉತ್ಪನ್ನವಾದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಹತ್ತಿದವು. ನೀರಿನಿಂದ ಬೆಳಕನ್ನು ಪಡೆಯುವ ಕಲೆ ಈ ಸೀಮೆಗೆ ಹೊಸದಲ್ಲ. ಅಂದಿನ ತಂತಿಯ ದೀಪ ತಾನು ತೆಗೆದುಕೊಂಡ ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿ ಕಳೆಯುತ್ತಿತ್ತು; ಅದೇ ವಿದ್ಯುತ್ತಿನಿಂದ ಇಂದಿನ ಎಲ್.ಇ.ಡಿ. ಅದರ ಆರೇಳು ಪಟ್ಟಿಗಿಂತಲೂ ಹೆಚ್ಚು ಬೆಳಕನ್ನು ಕೊಡುತ್ತದೆ.

ದೊಡ್ಡ ತೊಟ್ಟಿಯ ಲೆಕ್ಕ

ಮನೆಯಲ್ಲಿ ಒಂದು ತುಂಡು ಕಡಲನ್ನು ಇಡಲು ಏನೇನು ಬೇಕು? 180 ಸೆಂಟಿಮೀಟರು ಉದ್ದ, 60 ಅಗಲ, 60 ಎತ್ತರದ ತೊಟ್ಟಿಯನ್ನು ಊಹಿಸೋಣ. ಅದರಲ್ಲಿ 648 ಲೀಟರು ನೀರು ಹಿಡಿಯುತ್ತದೆ. ಕಡಲ ನೀರಿನ ಒಂದು ಕಿಲೋಗ್ರಾಮಿನಲ್ಲಿ ಸುಮಾರು 35 ಗ್ರಾಮು ಲವಣವಿರುವುದರಿಂದ, ಈ ತೊಟ್ಟಿಗೆ ಸುಮಾರು 23 ಕಿಲೋಗ್ರಾಮು ಲವಣ ಬೇಕು; ಅಡಿಗೆಯ ಉಪ್ಪಲ್ಲ, ಸುಣ್ಣ, ಮೆಗ್ನೀಸಿಯಂ ಮೊದಲಾದವು ಸರಿಯಾದ ಪ್ರಮಾಣದಲ್ಲಿರುವ ಮಿಶ್ರಣ. ನೀರೊಂದರ ತೂಕವೇ ಏಳು ಕ್ವಿಂಟಲಿಗೆ ಸಮೀಪ. ಉಷ್ಣತೆ 25ರಿಂದ 27 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಬೇಕು. ನಂಜನಗೂಡಿನ ಬೇಸಗೆಯಲ್ಲಿ ಇದಕ್ಕೆ ತಂಪುಮಾಡುವ ಯಂತ್ರ ಅನಿವಾರ್ಯ. ವಿದ್ಯುತ್ತು ಕೆಲವು ಗಂಟೆ ನಿಂತರೆ ನೀರಿನ ಚಲನೆ ನಿಂತು ಆಮ್ಲಜನಕ ಕುಗ್ಗುತ್ತದೆ. ಬೆಳಕಿನ ಮಾತಿಗೆ ಬಂದರೆ, ನಡುಹಗಲಿನ ಬಿಸಿಲಿನಲ್ಲಿ ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 2000 ಮೈಕ್ರೊಮೋಲ್ ಬೆಳಕಿನ ಕಣಗಳು ಬೀಳುತ್ತವೆ; ಕವಲೊಡೆಯುವ ಗಟ್ಟಿ ಹವಳಗಳಿಗೆ ತೊಟ್ಟಿಯಲ್ಲಿ 200ರಿಂದ 350ರಷ್ಟನ್ನು ಕೊಡುವುದು ವಾಡಿಕೆ.

ಇಷ್ಟನ್ನೂ ಹಣದಿಂದ ಒದಗಿಸಬಹುದು. ಆದರೆ ಹಣದಿಂದ ತೀರದ ಒಂದು ಮಾತಿದೆ. ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಎಲ್ಲ ಗಟ್ಟಿ ಹವಳಗಳನ್ನೂ, ಕಪ್ಪು ಹವಳ, ಬೆಂಕಿ ಹವಳ, ಕೊಳವೆ ಹವಳ ಮತ್ತು ಕಡಲ ಬೀಸಣಿಗೆಗಳನ್ನೂ ಸೇರಿಸಲಾಯಿತು. ಹುಲಿಗೂ ಆನೆಗೂ ಇರುವ ರಕ್ಷಣೆಯೇ ಇವಕ್ಕೂ ಇದೆ. ಇವನ್ನು ಕಡಲಿನಿಂದ ಕೀಳುವುದೂ ಮಾರುವುದೂ ಕೊಳ್ಳುವುದೂ ಅಪರಾಧ. ಪದೇಪದೇ ಬಿಳಿಚಿ ಸೊರಗುತ್ತಿರುವ ದಿಬ್ಬದಿಂದ ಒಂದು ಕೊಂಬೆಯನ್ನು ಮುರಿದು ತಂದು ಮನೆಯನ್ನು ಅಲಂಕರಿಸುವುದು, ಗುಡಿಯ ಗೋಡೆಯ ಕಲ್ಲನ್ನು ಕಿತ್ತು ಜಗಲಿ ಕಟ್ಟಿದಂತಾಯಿತು. ಅಂಗಡಿಯವರು ಸುಲಭವಾಗಿ ಕೊಡುತ್ತಾರೆಂಬುದು ಸಮಾಧಾನವಾಗದು. ಹವಳವನ್ನು ನೋಡಬೇಕೆಂಬುವರು ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಬಳಿ ಮುಳುಗಿ ನೋಡಬಹುದು.

ಹೊಳೆಯುವ ಹವಳದ ರಹಸ್ಯ

ನೀಲಿ ದೀಪದಡಿಯಲ್ಲಿ ಹವಳಗಳು ಹಸಿರಾಗಿ, ಕಿತ್ತಳೆಯಾಗಿ ಹೊಳೆಯುವ ಚಿತ್ರಗಳನ್ನು ಓದುಗರು ನೋಡಿರಬಹುದು. ಇದು ಪ್ರತಿದೀಪ್ತಿ. ಕೆಲವು ವಸ್ತುಗಳು ನೀಲಿ ಬೆಳಕನ್ನು ನುಂಗಿ, ಅದರಲ್ಲಿ ಸ್ವಲ್ಪ ಶಕ್ತಿಯನ್ನು ಕಳೆದುಕೊಂಡು, ಉಳಿದುದನ್ನು ಹಸಿರು ಅಥವಾ ಕೆಂಪು ಬೆಳಕಾಗಿ ಹೊರಬಿಡುತ್ತವೆ. 1962ರಲ್ಲಿ ಜಪಾನಿನ ಒಸಾಮು ಶಿಮೊಮುರ ಅವರು ಒಂದು ಜೆಲ್ಲಿಮೀನಿನಿಂದ ಹಸಿರು ಪ್ರತಿದೀಪ್ತಿಯ ಪ್ರೋಟೀನನ್ನು ಬೇರ್ಪಡಿಸಿದರು. 1999ರಲ್ಲಿ ರಷ್ಯದ ವಿಜ್ಞಾನಿಗಳು ಹವಳದ ಜಾತಿಯ ಜೀವಿಗಳಲ್ಲಿಯೂ ಇಂತಹ ಪ್ರೋಟೀನುಗಳನ್ನು, ಕೆಂಪಿನದನ್ನೂ ಸೇರಿಸಿ, ಕಂಡರು. ಇಂದು ಜೀವಕೋಶಗಳೊಳಗಿನ ಕ್ರಿಯೆಗಳನ್ನು ಗುರುತಿಸಲು ಇವು ಪ್ರಪಂಚದ ಅನೇಕ ಪ್ರಯೋಗಶಾಲೆಗಳಲ್ಲಿ ದೀಪದ ಕೆಲಸವನ್ನು ಮಾಡುತ್ತಿವೆ.

ಇದನ್ನು ನೋಡಲು ಹವಳವೇ ಬೇಕೆಂದಿಲ್ಲ. ಹಸಿರೆಲೆಯನ್ನು ಜಜ್ಜಿ ಸ್ಪಿರಿಟ್ಟಿನಲ್ಲಿ ನೆನೆಸಿ ಸೋಸಿ, ಕತ್ತಲೆಯಲ್ಲಿ ನೀಲಿ ಎಲ್.ಇ.ಡಿ. ದೀಪವನ್ನು ಹಿಡಿದರೆ ಆ ಹಸಿರು ದ್ರವ ರಕ್ತದಂತೆ ಕೆಂಪಾಗಿ ಹೊಳೆಯುತ್ತದೆ. ಎಣ್ಣೆಯಲ್ಲಿ ಕದಡಿದ ಅರಿಸಿನ ಹಸಿರುಹಳದಿಯಾಗಿ ಬೆಳಗುತ್ತದೆ. ಸ್ಪಿರಿಟ್ಟಿನ ಬಳಿ ಬೆಂಕಿ ಇರಕೂಡದು. ನೀಲಿ ದೀಪವನ್ನು ನೇರವಾಗಿ ದಿಟ್ಟಿಸಕೂಡದು.

ತೊಟ್ಟಿಯ ಛಾಯಾಚಿತ್ರ

ಕ್ಯಾಮರದ ಗ್ರಾಹಕ ಫಲಕದಲ್ಲಿ ಲಕ್ಷಾಂತರ ಸೂಕ್ಷ್ಮ ಬಿಂದುಗಳಿರುತ್ತವೆ. ಸಾಮಾನ್ಯವಾಗಿ ಅವುಗಳಲ್ಲಿ ಅರ್ಧ ಹಸಿರಿಗೂ, ಕಾಲು ಭಾಗ ಕೆಂಪಿಗೂ, ಕಾಲು ಭಾಗ ನೀಲಿಗೂ ಮೀಸಲು. ನೀಲಿ ದೀಪದಡಿಯಲ್ಲಿ ನೀಲಿಯ ಬಿಂದುಗಳು ತುಂಬಿ ಚೆಲ್ಲುತ್ತವೆ, ಕೆಂಪಿನವು ಬರಿದಾಗಿರುತ್ತವೆ. ಚೆಲ್ಲಿದ ಜಾಗದಲ್ಲಿ ವಿವರವೆಲ್ಲ ಅಳಿಸಿಹೋಗಿ ನೇರಿಳೆಯ ಮಬ್ಬು ಮಾತ್ರ ಉಳಿಯುತ್ತದೆ. ಮಸೂರದ ಮುಂದೆ ಹಳದಿಯ ಶೋಧಕವನ್ನು ಹಿಡಿದರೆ ಅದು ನೀಲಿಯನ್ನು ತಡೆದು ಪ್ರತಿದೀಪ್ತಿಯ ಹಸಿರು ಕೆಂಪುಗಳನ್ನು ಒಳಬಿಡುತ್ತದೆ. ಬಿಳಿಯ ದೀಪದಡಿಯಲ್ಲಾದರೆ, ಬಿಳಿಯ ಪಿಂಗಾಣಿಯ ಚೂರೊಂದನ್ನು ತೊಟ್ಟಿಯೊಳಗಿಟ್ಟು, ಅದು ಬಿಳಿಯಾಗಿಯೇ ಬರುವಂತೆ ಕ್ಯಾಮರವನ್ನು ಹೊಂದಿಸಿಕೊಂಡರೆ ಉಳಿದ ಬಣ್ಣಗಳೂ ನಿಜಕ್ಕೆ ಸಮೀಪವಾಗುತ್ತವೆ.

ಗಾಜಿನ ಹೊರಮೈಯು ನೂರಕ್ಕೆ ನಾಲ್ಕರಷ್ಟು ಬೆಳಕನ್ನು ಪ್ರತಿಫಲಿಸಬಲ್ಲದು. ಚಿತ್ರದಲ್ಲಿ ಮೀನಿನೊಡನೆ ಛಾಯಾಗ್ರಾಹಕನ ಮುಖವೂ ಮೂಡುವುದು ಹೀಗೆ. ಧ್ರುವೀಕರಣದ ಶೋಧಕ ಓರೆಯಿಂದ ಬರುವ ಪ್ರತಿಫಲನವನ್ನು ಮಾತ್ರ ಅಳಿಸುತ್ತದೆ. ನೇರವಾಗಿ ನಿಂತಾಗ ಅದರಿಂದ ಪ್ರಯೋಜನವಿಲ್ಲ. ಓರೆಯಾಗಿ ನಿಂತರೋ, ಗಾಜೂ ನೀರೂ ಬಣ್ಣಗಳನ್ನು ಬೇರೆ ಬೇರೆಯಾಗಿ ಬಾಗಿಸುವುದರಿಂದ ಮೀನಿನ ಅಂಚು ಕದಡುತ್ತದೆ. ಆದ್ದರಿಂದ ಕೋಣೆಯ ದೀಪಗಳನ್ನು ಆರಿಸಿ, ಮಸೂರವನ್ನು ಗಾಜಿಗೆ ನೇರವಾಗಿ ಹತ್ತಿರ ಹಿಡಿದು, ಸುತ್ತಲೂ ಕಪ್ಪು ಬಟ್ಟೆಯನ್ನು ಕಟ್ಟುವುದೇ ಉತ್ತಮ. ನೀರಿನ ವಕ್ರೀಭವನಾಂಕ ಸುಮಾರು 4/3 ಆಗಿರುವುದರಿಂದ, ಗಾಜಿನಿಂದ 40 ಸೆಂಟಿಮೀಟರು ಹಿಂದಿರುವ ಮೀನು 30 ಸೆಂಟಿಮೀಟರಿನಲ್ಲಿರುವಂತೆ ತೋರುತ್ತದೆಂಬುದನ್ನೂ ನೆನಪಿನಲ್ಲಿಡಬೇಕು.

ಚಿತ್ರದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆಗಳು ಮೂಡುವುದುಂಟು. ಅನೇಕ ಎಲ್.ಇ.ಡಿ. ದೀಪಗಳು ನಮ್ಮ ಕಣ್ಣಿಗೆ ತಿಳಿಯದಂತೆ ಸೆಕೆಂಡಿಗೆ ನೂರು ಸಲವೋ ಇನ್ನೂ ಹೆಚ್ಚಾಗಿಯೋ ಮಿನುಗುತ್ತವೆ. ಕ್ಯಾಮರವಾದರೋ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ದೀಪ ಆರಿದ ಕ್ಷಣದಲ್ಲಿ ಓದಿದ ಸಾಲು ಕಪ್ಪಾಗುತ್ತದೆ. 50 ಹರ್ಟ್ಸಿನ ನಮ್ಮ ವಿದ್ಯುತ್ತಿನಿಂದಲೇ ಮಿನುಗುವ ದೀಪಕ್ಕೆ 1/100 ಅಥವಾ 1/50 ಸೆಕೆಂಡಿನ ಅವಧಿಯನ್ನು ಇಟ್ಟರೆ ಪಟ್ಟೆಗಳು ಮಾಯವಾಗುತ್ತವೆ.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ

ಹೊಳೆಯ ಬೆಳಕನ್ನು ಅಳೆಯಲು ದುಬಾರಿಯ ಉಪಕರಣ ಬೇಕಿಲ್ಲ. 1865ರಲ್ಲಿ ಇಟಲಿಯ ಪಾದ್ರಿಯೂ ಖಗೋಳವಿಜ್ಞಾನಿಯೂ ಆಗಿದ್ದ ಆಂಜೆಲೊ ಸೆಕ್ಕಿ, ಪೋಪರ ಹಡಗಿನಿಂದ ಮೆಡಿಟರೇನಿಯನ್ ಕಡಲಿಗೆ ಬಿಳಿಯ ತಟ್ಟೆಗಳನ್ನು ಇಳಿಬಿಟ್ಟು, ಅವು ಕಣ್ಮರೆಯಾಗುವ ಆಳವನ್ನು ಗುರುತಿಸಿದರು. ಇಂದಿಗೂ ಈ ವಿಧಾನ ಬಳಕೆಯಲ್ಲಿದೆ. 20 ಸೆಂಟಿಮೀಟರು ಅಗಲದ ತಟ್ಟೆಗೆ ಭಾರವನ್ನು ಕಟ್ಟಿ, ಗುರುತು ಮಾಡಿದ ಹಗ್ಗದಿಂದ ಇಳಿಸಬೇಕು. ತಟ್ಟೆ ಮರೆಯಾಗುವ ಆಳದಲ್ಲಿ ಮೇಲ್ಮೈಯ ಬೆಳಕಿನ ಸುಮಾರು 18 ಪಾಲು ಉಳಿದಿರುತ್ತದೆ. ಆ ಆಳದ 2.7ರಷ್ಟು ಕೆಳಗೆ ಹೋದರೆ ನೂರಕ್ಕೆ ಒಂದು ಪಾಲು. ಅದಕ್ಕಿಂತ ಕೆಳಗೆ ನೀರುಗಿಡಗಳು ಬದುಕುವುದು ಕಷ್ಟ. ಒಂದು ಪಕ್ಷ ತಟ್ಟೆ 2 ಮೀಟರಿಗೆ ಮರೆಯಾದರೆ ಗಿಡಗಳಿಗೆ 5.4 ಮೀಟರಿನವರೆಗೆ ಬೆಳಕುಂಟು. ಕೆಸರಿನಿಂದ 30 ಸೆಂಟಿಮೀಟರಿಗೇ ಮರೆಯಾದರೆ 80 ಸೆಂಟಿಮೀಟರಿಗೆ ಕತ್ತಲೆ.

ನಂಜನಗೂಡಿನ ವಿದ್ಯಾರ್ಥಿಗಳು ಕಪಿಲೆಯಲ್ಲಿಯೂ, ನರಸೀಪುರದವರು ಸಂಗಮದ ಮೇಲೆ ಕಾವೇರಿಯಲ್ಲಿಯೂ ಕೆಳಗೆ ಕೂಡುನೀರಿನಲ್ಲಿಯೂ, ತಿಂಗಳಿಗೊಮ್ಮೆ ಒಂದೇ ದಿನ ನಡುಹಗಲಿನಲ್ಲಿ ಈ ಅಳತೆಯನ್ನು ಮಾಡಿ ವರ್ಷವಿಡೀ ಬರೆದಿಟ್ಟರೆ, ನಮ್ಮ ಹೊಳೆಗಳ ಆರೋಗ್ಯದ ಬಗೆಗೆ ಬೆಲೆಯುಳ್ಳ ದಾಖಲೆಯಾಗುತ್ತದೆ. ಅಧ್ಯಾಪಕರ ಜೊತೆಯಲ್ಲಿ ದೋಣಿಯಿಂದಲೋ ಕಟ್ಟೆಯಿಂದಲೋ ಮಾಡಬೇಕೇ ಹೊರತು ಯಾರೂ ನೀರಿಗಿಳಿಯಬಾರದು. ಸಂಗಮದ ಸುಳಿ ಅಪಾಯಕಾರಿ.

ಮನೆಯಲ್ಲಿ ತೊಟ್ಟಿಯನ್ನಿಡಬಯಸುವವರು ಸಿಹಿನೀರಿನ ಗಿಡಗಳನ್ನೂ ಸಾಕಿ ಬೆಳೆಸಿದ ಸಣ್ಣ ಮೀನುಗಳನ್ನೂ ಇಟ್ಟು, ಕೆಂಪು ಹಸಿರುಗಳು ಧಾರಾಳವಾಗಿರುವ ಬಿಳಿಯ ದೀಪವನ್ನು ದಿನಕ್ಕೆ ಎಂಟು ಗಂಟೆ ಬೆಳಗಿಸಿದರೆ ಸಾಕು. ಬೇಡವಾದ ಮೀನನ್ನು ಮಾತ್ರ ಹೊಳೆಗೆ ಬಿಡಬಾರದು. ಹೀಗೆ ಯಾರೋ ಬಿಟ್ಟ ಪರದೇಶದ ಸಕರ್ ಮೀನುಗಳು ದಕ್ಷಿಣ ಭಾರತದ ಅನೇಕ ಕೆರೆ ಹೊಳೆಗಳಲ್ಲಿ ಬೇರೂರಿ, ಅಲ್ಲಿನ ಮೂಲ ಮೀನುಗಳ ಆಹಾರಕ್ಕೂ ಬೆಸ್ತರ ಬಲೆಗಳಿಗೂ ಕಂಟಕವಾಗಿವೆ. ಇನ್ನು ಚಿತ್ರವನ್ನು ತೆಗೆದಾಗ ಅದರ ಕೆಳಗೆ ಯಾವ ದೀಪ, ಯಾವ ಶೋಧಕ, ಎಷ್ಟು ಅವಧಿ ಎಂಬುದನ್ನು ಬರೆದಿಡಬೇಕು. ಹಾಗೆ ಬರೆದಿಟ್ಟಲ್ಲಿ ಅದೇ ಚಿತ್ರವನ್ನು ಇನ್ನೊಬ್ಬರು ಮತ್ತೆ ತೆಗೆದು, ಬಣ್ಣಗಳನ್ನು ತಾಳೆ ನೋಡಬಹುದು.